ತಡವಾಗಿ ನಿಂತ ದನಿ

ಪೆಟ್ಟಿಗೆಯನ್ನು ಹೆಗಲಿಗೇರಿಸಿಕೊಂಡ ಆರು ಮುದುಕರು ಬಾಗಿಲು ದಾಟಿದರು. ಹೆಜ್ಜೆಯ ಸದ್ದೇ ಇಲ್ಲ. ವಾದ್ಯದ ಗೊಡವೆಯಿಲ್ಲದೆ ಬರೀ ಕಂಠದಿಂದ ಹಾಡುತ್ತ, ಮೆತ್ತಗೆ ಹೆಜ್ಜೆ ಹಾಕುವುದೇ ಅವರ ಮೇಳದ ರೀತಿ. ಹೆಣ ಹೊರುವಾಗಲೂ ಅದನ್ನು ಬಿಟ್ಟುಕೊಡುವ ಪೈಕಿಯವರಲ್ಲ. ಒಳಕೋಣೆಯಲ್ಲಿ ನೆಲದ ಹಾಸಿಗೆಯ ಮೇಲೆ ಕಂಬಳಿ ಹೊದ್ದು ಕೂತಿದ್ದ ಬಜಾಬಿಲೆ ಕತ್ತು ಚಾಚಿ ನೋಡಿದಳು. ಗಂಡ ಸತ್ತವಳು, ಸ್ಮಶಾನಕ್ಕೆ ಹೊರಡಲು ಯಾರಾದರೂ ಬಂದು ಕರೆಯುವವರೆಗೆ, ಹಾಸಿಗೆ ಬಿಟ್ಟು ಏಳಬಾರದು, ದನಿ ಎತ್ತಬಾರದು. ಉಮ್ಲಾಜಿ ಬಡಾವಣೆಯ ಹೆಂಗಸರು ಅವಳನ್ನು ಸುತ್ತುವರಿದು ಕಾವಲು ಕೂತಿದ್ದರು.

ಗಂಡ ವೆಲಾಫಿ ತೀರಿಕೊಂಡ ದಿನದಿಂದ ಅವಳಿಗೆ ಒಂದೇ ಚಿಂತೆ. ಅವನ ಮುಖ ನೆನಪಿದೆ, ಕೆಮ್ಮು ನೆನಪಿದೆ, ದನಿ ಮಾತ್ರ ಕೈಗೆ ಸಿಗದೆ ಜಾರುತ್ತಿದೆ. ಮೊದಲೇ ಮಾತು ಕಡಿಮೆಯ ಮನುಷ್ಯ. ಆ ದನಿ ಉಳಿದಿದ್ದರೆ ಒಂದೇ ಕಡೆ, ಬಹಳ ಹಿಂದೆ ರೇಡಿಯೋದವರು ಧ್ವನಿಮುದ್ರಣ ಮಾಡಿಕೊಂಡ, ಅವನೂ ದನಿಗೂಡಿಸಿದ್ದ ಮೇಳದ ಒಂದು ಹಾಡಿನಲ್ಲಿ.

*

ವೆಲಾಫಿ ಇದ್ದಾಗ ಆ ಹಾಡು ಯಾವಾಗಲಾದರೊಮ್ಮೆ ಬೆಳಗ್ಗೆ ರೇಡಿಯೋದಲ್ಲಿ ಬರುತ್ತಿತ್ತು. ಜೋಳದ ಗಂಜಿ ತಿರುವುತ್ತಿದ್ದ ಬಜಾಬಿಲೆ ಸೌಟು ಹಿಡಿದೇ ಓಡಿಬರುತ್ತಿದ್ದಳು. ಎತ್ತರದ ದನಿ ಮೇಳದ ಮುಖಂಡ ಎನೋಕನದು, ಅದು ಗೊತ್ತು. ಕೆಳಗೆ ಒಂದೇ ಕಂಠದಂತೆ ಗುನುಗುವ ಮಂದ್ರದವರು ಹಲವರು.

"ಅಷ್ಟು ಜನದಲ್ಲಿ ನಿಮ್ಮದು ಯಾವುದು ಅಂತ ಹೇಳ್ಬಾರ್ದಾ?"

"ಎಲ್ಲಾ ನಂದೇ ಅಂದ್ಕೊ," ಎಂದು ವೆಲಾಫಿ ಹಾಡು ಮುಗಿಯುವ ಮೊದಲೇ ರೇಡಿಯೋ ಆರಿಸಿಬಿಡುತ್ತಿದ್ದ. ಪ್ರತಿ ಸಲವೂ ಹೀಗೇ. ವಾರದ ರಜೆಯನ್ನೆಲ್ಲ ಮೇಳಕ್ಕೆ ಸುರಿಯುವ ಗಂಡ ತನಗೆ ಒಂದು ಹಾಡನ್ನು ಪೂರ್ತಿ ಕೇಳಲು ಬಿಡನಲ್ಲ ಎಂದು ಅವಳಿಗೆ ಹೊಟ್ಟೆ ಉರಿಯುತ್ತಿತ್ತು.

*

ಪೆಟ್ಟಿಗೆ ವ್ಯಾನು ಸೇರಿತು, ಇಂಜಿನ್ ಚಾಲೂ ಆಯಿತು. ಸ್ಮಶಾನಕ್ಕೆ ಹೊರಡಲು ಕರೆಯಲೆಂದು ಎನೋಕ್ ಒಳಗೆ ಬಂದ. ಬಜಾಬಿಲೆ ಏಳಲಿಲ್ಲ.

"ಆ ಹಾಡಲ್ಲಿ ಅವರ ದನಿ ಯಾವುದು ಅಂತ ತೋರ್ಸು ಎನೋಕ್. ಮಣ್ಣು ಹಾಕೋಕೆ ಮುಂಚೆ ಒಂದ್ಸಲ ಕೇಳ್ಬೇಕು."

ಎನೋಕ್ ತಬ್ಬಿಬ್ಬಾದ. "ಮಂದ್ರದವನ ದನಿ ಬೇರೆಯಾಗಿ ಕೇಳಿಸ್ಬಾರ್ದು ಅತ್ತಿಗೆ. ಕೇಳ್ಸಿದ್ರೆ ಅವ್ನು ಹಾಡುಗಾರನೇ ಅಲ್ಲ." ಆಮೇಲೆ ಹ್ಯಾಟು ತೆಗೆದು ಕೈಯಲ್ಲಿ ಹಿಡಿದುಕೊಂಡ. "ಒಂದು ಕಡೆ ಕೇಳ್ಸುತ್ತೆ. ನಿಮಗೆ ಮಾತ್ರ ಹೇಳ್ಕೂಡ್ದು ಅಂತ ಆಣೆ ಹಾಕ್ಸಿದ್ದ."

ಅಂದು ಸ್ಟುಡಿಯೋದಲ್ಲಿ ವೆಲಾಫಿ ಕಣ್ಣು ಮುಚ್ಚಿಕೊಂಡು ಹಾಡಿದ್ದನಂತೆ. ಹಾಡು ನಿಲ್ಲಿಸಲು ಎನೋಕ್ ಕೈ ಇಳಿಸಿದ್ದು ಅವನಿಗೆ ಕಾಣಲಿಲ್ಲ. ಎಲ್ಲರೂ ನಿಂತರು, ಅವನೊಬ್ಬ ನಿಲ್ಲಲಿಲ್ಲ. ಮತ್ತೊಮ್ಮೆ ಹಾಡಿಸಲು ರೇಡಿಯೋದವರಿಗೆ ಪುರುಸೊತ್ತಿರಲಿಲ್ಲ. ತಪ್ಪು ಹಾಗೇ ಉಳಿಯಿತು. ಮೇಳದವರು ಅದನ್ನು ಹೇಳಿ ಹೇಳಿ ಅವನನ್ನು ಗೋಳು ಹೊಯ್ದುಕೊಂಡಿದ್ದರು.

"ಇಷ್ಟಕ್ಕಾ?" ಎಂದಳು ಬಜಾಬಿಲೆ. ಅವನ ಮೇಲೆ ಸಿಟ್ಟೂ ಬಂತು, ಕರುಣೆಯೂ ಬಂತು.

ಮರೆತುಹೋದ ಮೇಳಗಳ ಹಾಡುಗಳನ್ನು ಹುಡುಕಿ ತೆಗೆಯುವ ಯಾರೋ ಪುಣ್ಯಾತ್ಮ ಈ ಹಾಡನ್ನೂ ಫೋನಿನಲ್ಲಿ ಸಿಗುವಂತೆ ಮಾಡಿದ್ದ. ಎನೋಕ್ ಅದನ್ನು ಹಚ್ಚಿ ಅವಳ ಕಿವಿಯ ಹತ್ತಿರ ಹಿಡಿದ. ಹಾಡು ಏರಿತು, ಇಳಿಯಿತು, ಒಮ್ಮೆಲೇ ನಿಂತಿತು. ಆ ಮೌನದಲ್ಲಿ ಒಂದು ದಪ್ಪ ದನಿ ಒಂಟಿಯಾಗಿ ಮುಂದೆ ಸಾಗಿ, ಗಾಬರಿಯಾಗಿ, ತನ್ನನ್ನೇ ನುಂಗಿಕೊಂಡಿತು.

ಬಜಾಬಿಲೆಗೆ ಮೊದಲು ನಗು ಬಂತು. ಆಮೇಲೆ ಕಂಬಳಿಯ ತುದಿಯನ್ನು ಬಾಯಿಗೆ ಒತ್ತಿಕೊಂಡಳು.

ಪಾದ್ರಿ ಬಾಗಿಲಲ್ಲಿ ನಿಂತು ಹೊತ್ತಾಯಿತೆಂದರು. ನಾದಿನಿಯೊಬ್ಬಳು ಅವಳನ್ನು ಎಬ್ಬಿಸಲು ರಟ್ಟೆಗೆ ಕೈ ಹಾಕಿದಳು.

"ಇನ್ನೊಂದ್ಸಲ," ಎಂದಳು ಬಜಾಬಿಲೆ, ಹೊರಗೆ ನಿಂತವರಿಗೂ ಕೇಳುವ ಹಾಗೆ. "ಹಾಡು ಬೇಡ. ಕೊನೇದು ಮಾತ್ರ."

ಅಂಗಳದಲ್ಲಿ ವ್ಯಾನಿನ ಡ್ರೈವರು ಕೈ ಚಾಚಿ ಇಂಜಿನ್ ಆರಿಸಿದ.