ಎಲ್ಲರದೂ ಒಂದೇ ತಪ್ಪು

ಪರೀಕ್ಷೆ ಇನ್ನೂ ಆಗಿರಲಿಲ್ಲ, ಸಣ್ಣ ಅಳತೆಯ ಏಪ್ರನ್ನುಗಳು ಆಗಲೇ ಬಂದಿದ್ದವು. ಟೆಂಪೋದಿಂದ ಆ ಗಂಟು ಇಳಿಸಿದವನು ನಾನೇ. ಇವು ದೊಡ್ಡ ಹೆಂಗಸರ ಮೊಣಕಾಲಿಗೂ ಮುಟ್ಟುವುದಿಲ್ಲ, ಯಾರಿಗೆ ತರಿಸಿದ್ದಾರೋ ಎಂದುಕೊಂಡು ಶೆಡ್ಡಿನ ಮೂಲೆಗೆ ಒಗೆದೆ. ಹಮಾಲನಿಗೆ ಅದೆಲ್ಲ ಯಾಕೆ ಬೇಕು?

ತಾರಿಹಾಳದ ಆ ಶೆಡ್ಡಿನಲ್ಲಿ ಖಾರಪುಡಿ ತಯಾರಾಗುತ್ತದೆ. ಒಂದು ಕಡೆ ಯಂತ್ರ, ಇನ್ನೊಂದು ಕಡೆ ಮೆಣಸಿನಕಾಯಿ ರಾಶಿ, ರಾಶಿಯ ಸುತ್ತ ತೊಟ್ಟು ಮುರಿಯುವ ಹೆಂಗಸರು. ಗಾಳಿಗೆ ಪುಡಿ ಹಾರುತ್ತದೆಂದು ಬಾಗಿಲು ಮುಚ್ಚಿರುತ್ತಾರೆ. ಪುಡಿ ಹಾರಬಾರದು, ಹೆಂಗಸರು ಎಷ್ಟು ಬೇಕಾದರೂ ಕೆಮ್ಮಬಹುದು. ಫಕೀರವ್ವನ ಬೆರಳ ತುದಿಯ ಚರ್ಮ ಎದ್ದು ಹೋಗಿ ಕೆಂಪಗೆ ಹೊಳೆಯುತ್ತದೆ. ಗಂಡ ಸತ್ತ ದಿನ ಕಣ್ಣೀರು ಒರೆಸಿಕೊಳ್ಳಲು ಹೋಗಿ, ಕಣ್ಣು ಉರಿದು ಇನ್ನಷ್ಟು ಅತ್ತಿದ್ದಳು. ಮಗಳು ದ್ರಾಕ್ಷಾಯಿಣಿಗೆ ಜ್ವರ ಬಂದರೆ ಬೆರಳು ಸೋಕಿಸದೆ ಮೊಣಕೈ ಹಚ್ಚಿ ನೋಡುತ್ತಾಳೆ. ಅವಳಿಗಿದ್ದದ್ದು ಒಂದೇ ಹಟ. ಈ ಹುಡುಗಿ ಈ ಶೆಡ್ಡಿನೊಳಗೆ ಕಾಲಿಡಬಾರದು.

ಶೆಡ್ಡು ರಾಜಶೇಖರ ಸಾಹುಕಾರರದು. ಪಕ್ಕದ ಸಾಲೆಯೂ ಅವರದೇ. ಗಬ್ಬೂರಿನಲ್ಲಿ ನಾವಿರುವ ಹಳೇ ಹತ್ತಿ ಗೋದಾಮು ಕೂಡ ಅವರದೇ. ಒಳಗೆ ತಗಡು ನಿಲ್ಲಿಸಿ ಖೋಲಿ ಮಾಡಿ ನಮ್ಮನ್ನು ಬಾಡಿಗೆಗೆ ಇಟ್ಟಿದ್ದಾರೆ. ಕೆಲಸಗಾರರ ಮಕ್ಕಳಿಗೆ ಹತ್ತನೇ ತರಗತಿಯವರೆಗೆ ಬಿಟ್ಟಿ ಕಲಿಸುತ್ತೇವೆ ಎಂದು ಹೇಳಿಯೇ ಸಾಲೆಗೆ ಸರಕಾರಿ ಜಾಗ ಪಡೆದವರು. ಎಂಟರವರೆಗೆ ಕಲಿಸಿದರು, ಸುಳ್ಳು ಹೇಳಬಾರದು. ಈ ವರ್ಷ ಹೊಸ ನಿಯಮ ಬಂತು. ಒಂಬತ್ತಕ್ಕೆ ಹೋಗಬೇಕಾದರೆ ಬುದ್ಧಿ ಪರೀಕ್ಷೆ. ಪಾಸಾದವರು ಕ್ಲಾಸಿಗೆ, ನಪಾಸಾದವರು ಕೌಶಲ ವಿಭಾಗಕ್ಕೆ. ಕೌಶಲ ಅಂದರೇನೆಂದು ನಾವು ಯಾರೂ ಕೇಳಲಿಲ್ಲ. ಹೆಸರು ಕೇಳುವುದಕ್ಕೆ ಚೆನ್ನಾಗಿತ್ತು.

ಗೋದಾಮಿನ ಮಕ್ಕಳೆಲ್ಲ ನಪಾಸಾದರು. ಸಾಹುಕಾರರು ತಾಯಂದಿರನ್ನು ಸಾಲೆಗೆ ಕರೆಸಿದರು. ಬೆಂಚು ಸರಿಸಲೆಂದು ಹೋದ ನಾನು ಅಲ್ಲೇ ಗೋಡೆಗೆ ನಿಂತೆ.

"ನಪಾಸ್ ಆಗಿದ್ದಷ್ಟ ಅಲ್ಲ, ನಿಮ್ಮ ಮಕ್ಕಳು ಕಾಪಿ ಹೊಡದಾವು," ಅಂದರು ಸಾಹುಕಾರರು. "ಎಲ್ಲಾರದೂ ಒಂದೇ ತಪ್ಪು. ಒಬ್ಬಾಕಿ ಬರದದ್ದನ್ನ ಇನ್ನೊಬ್ಬಾಕಿ ನೋಡಿ ಬರದಾಳ."

ಶರೀಫಾಬಿ ಎದ್ದು ನಿಂತಳು. ಅವಳ ಮಗಳು ಅಬೀದಾ ದ್ರಾಕ್ಷಾಯಿಣಿಯ ಜೊತೆಗಾತಿ. "ಸಾವ್ಕಾರ್ರ, ನನ್ನ ಮಗಳು ಬ್ಯಾರೆ ಖೋಲ್ಯಾಗ ಕುಂತಿದ್ಲಲ್ರಿ. ಹೆಂಗ ನೋಡ್ತಾಳ್ರಿ?"

"ಹಂಗಾರ ಮನ್ಯಾಗ ಕಲ್ತು ಬಂದಾವು. ಸೋಮವಾರ ಇನ್ನೊಮ್ಮಿ ಬರಸ್ತೇನಿ. ಅದ ಪೇಪರ್, ದೂರ ದೂರ ಕುಂದ್ರಿಸಿ. ಖರೇ ಏನೈತಿ ಗೊತ್ತಾಗ್ತೈತಿ."

ಹೆಂಗಸರು ತಲೆ ತಗ್ಗಿಸಿ ಹೊರಗೆ ಬಂದರು, ಹಿಂದೆಯೇ ನಾನೂ. ಗೇಟಿನ ಹತ್ತಿರ ಸಾಲೆಯಲ್ಲಿ ಕಲಿಸುವ ರಜನಿ ಮೇಡಂ ಸಿಕ್ಕರು. ಧಾರವಾಡದಿಂದ ದಿನಾ ಬಸ್ಸಿಗೆ ಬರುವವರು, ಮಕ್ಕಳ ಮೇಲೆ ಕೈ ಎತ್ತಿದವರಲ್ಲ.

"ಮೇಡಂ, ನಮ್ಮ ಹುಡುಗೂರು ಏನ್ ತಪ್ಪ ಬರದಾವ್ರಿ?" ಫಕೀರವ್ವ ಕೇಳಿದಳು.

"ಭಾಳ ಹಗುರ ಪ್ರಶ್ನೆ ಇತ್ರಿ. ನಲ್ಲಿಗೆ ನೀರು ಬಂದಾಗ ಸರಳಾ ಅನ್ನೂ ಹುಡುಗಿ ಹತ್ತು ಕೊಡ ತುಂಬತಾಳ, ಒಂದು ವಾರಕ್ಕ ಎಷ್ಟು ಕೊಡ ಆಗ್ತದ? ಎಲ್ಲಾರೂ ಹತ್ತು ಅಂತ ಬರದಾರ."

"ಮತ್ತ ಹತ್ತ ಅಲ್ಲೇನ್ರಿ?" ಅಂದಳು ಶರೀಫಾಬಿ.

"ಎಪ್ಪತ್ತು ಅಲ್ಲೇನ್ರಿ? ದಿನಕ್ಕ ಹತ್ತು, ವಾರಕ್ಕ ಏಳು ದಿನ."

"ದಿನಾ ಯಾವ ಊರಾಗ ಬರ್ತೈತ್ರಿ ನೀರು? ನಮಗ ವಾರಕ್ಕೊಮ್ಮಿ ಬಂದ್ರ ಬಂತು."

"ನಮ್ಮ ಕಡೆ ಇಪ್ಪತ್ನಾಲ್ಕು ತಾಸೂ..." ಮೇಡಂ ಮಾತು ಅಲ್ಲಿಗೇ ನಿಂತಿತು. ಅವರೇ ಮೆಲ್ಲಗೆ ಇನ್ನೊಂದು ಪ್ರಶ್ನೆ ಹೇಳಿದರು. "ಮಲಗುವ ಕೋಣೆ, ಅಡುಗೆ ಕೋಣೆ, ಓದುವ ಕೋಣೆ, ಗೋದಾಮು. ಮನೆಗೆ ಸೇರದ್ದು ಯಾವುದು ಅಂತ ಕೇಳಿದ್ದೆ. ಎಲ್ಲಾರೂ ಓದುವ ಕೋಣೆ ಅಂತ ಬರದಾರ."

"ಗೋದಾಮು ಮನಿ ಅಲ್ಲಂದ್ರ ಸಾವ್ಕಾರ್ರು ಭಾಡಗಿ ಯಾತಕ್ಕ ತಗೋತಾರ್ರಿ?" ಅಂದಳು ಫಕೀರವ್ವ.

ಯಾರೂ ನಗಲಿಲ್ಲ. ರಜನಿ ಮೇಡಂ ಮುಖ ಸಣ್ಣದು ಮಾಡಿಕೊಂಡರು. "ಪ್ರಶ್ನೆ ನಾನ ತಗದಿದ್ದೇನ್ರಿ. ತಗಿಯೂವಾಗ ನನ್ನ ಮನಿಯಷ್ಟ ನನ್ನ ಕಣ್ಣ ಮುಂದಿತ್ತು. ತಪ್ಪು ಮಕ್ಕಳದಲ್ಲ. ತಡೀರಿ, ಸಾಹುಕಾರ್ರಿಗೆ ಹೇಳಿ ಬರ್ತೇನಿ."

ಒಳಗೆ ಹೋದವರು ಬೇಗ ಬರಲಿಲ್ಲ. ಬಂದಾಗ ನಮ್ಮ ಮುಖ ನೋಡಲಿಲ್ಲ. "ಪೇಪರ್ ಬದಲಾಗೂದಿಲ್ಲಂತ. ನನ್ನ ನೌಕರಿ ಮಾತು ತಗದ್ರು. ನೀವು ಹಿಂಗ ಮಾಡ್ರಿ, ಎಪ್ಪತ್ತು ಅಂತ ಬರೀಲಿ, ಗೋದಾಮು ಅಂತ ಬರೀಲಿ. ನಾ ಹೇಳೇನಿ ಅಂತ ಮಾತ್ರ ಎಲ್ಲೂ ಹೇಳಬ್ಯಾಡ್ರಿ."

ಅಂದು ಸಂಜೆ ತಗಡಿನ ಆಚೆ ಫಕೀರವ್ವ ಮಗಳಿಗೆ ಹೇಳುತ್ತಿದ್ದದ್ದು ನನಗೆ ಕೇಳಿಸಿತು. ನಮ್ಮ ಗೋದಾಮಿನಲ್ಲಿ ಕೇಳಿಸದ ಮಾತೇ ಇಲ್ಲ.

"ಎಪ್ಪತ್ತ ಅಂತ ಬರಿ."

"ಯಾರ ಮನ್ಯಾಗ ಎಪ್ಪತ್ತ ಕೊಡ ತುಂಬತಾರ ಯವ್ವಾ?"

"ಮೇಡಂ ಮನ್ಯಾಗ ತುಂಬತಾರ."

"ಅಬೀದಾ ಹತ್ತ ಅಂತಾನ ಬರೀತಾಳಂತ, ಉಳದವ್ರೂ ಹಂಗ. ಸುಳ್ಳ ಬರಿಯಾಂಗಿಲ್ಲ ಅಂದ್ಲು."

"ಆಕಿ ಏನರ ಬರೀಲಿ. ನೀ ಎಪ್ಪತ್ತ ಬರಿ. ಗೋದಾಮು ಮನಿ ಅಲ್ಲ ಅಂತ ಬರಿ. ಸಾಲಿ ಸಿಗ್ತೈತಂದ್ರ ನಮಗ ಮನೀನ ಇಲ್ಲ ಅಂತ ಬರದ್ರೂ ಅಡ್ಡಿ ಇಲ್ಲ."

ಇದ್ದ ಮನೆಯನ್ನು ಇಲ್ಲ ಎಂದು ಬರೆಯುವುದನ್ನು ಒಬ್ಬ ತಾಯಿ ಮಗಳಿಗೆ ಕಲಿಸಬೇಕಾಯಿತಲ್ಲ.

ಸೋಮವಾರ ಮಕ್ಕಳು ಮತ್ತೆ ಬರೆದರು. ಉಳಿದವರೆಲ್ಲ ಹತ್ತು ಎಂದೇ ಬರೆದರು, ದ್ರಾಕ್ಷಾಯಿಣಿ ಒಬ್ಬಳು ಎಪ್ಪತ್ತು ಎಂದು ಬರೆದಳು. ಮಧ್ಯಾಹ್ನ ಸಾಹುಕಾರರು ಮತ್ತೆ ತಾಯಂದಿರನ್ನು ಕರೆಸಿದರು.

"ಈ ಅಬೀದಾ, ಇನ್ನ ಉಳದವ್ರು, ಎರಡ ಸಲ ಬರಸಿದ್ರೂ ತಿಳೀಲಿಲ್ಲ. ಮಂದಬುದ್ಧಿ." ಆಮೇಲೆ ಫಕೀರವ್ವನ ಕಡೆ ತಿರುಗಿದರು. "ನಿನ್ನ ಮಗಳು ಮೊದಲ ಹತ್ತ ಅಂದ್ಲು, ಈಗ ಎಪ್ಪತ್ತ ಅಂತಾಳ. ಯಾರ ಹೇಳಿಕೊಟ್ರು?"

ಫಕೀರವ್ವ ರಜನಿ ಮೇಡಂ ಕಡೆ ನೋಡಿದಳು. ಮೇಡಂ ನೆಲ ನೋಡುತ್ತಿದ್ದರು. ಫಕೀರವ್ವ ಹೆಸರು ಹೇಳಲಿಲ್ಲ.

"ಅಲ್ಲಿಗೆ ಕಾಪಿ ಖರೇ ಆತು," ಅಂದರು ಸಾಹುಕಾರರು. "ನಾಳಿಯಿಂದ ಎಲ್ಲಾರೂ ಕೌಶಲ ವಿಭಾಗ. ಎರಡ ತಾಸು ಪಾಠ, ಉಳದ ಹೊತ್ತು ಶೆಡ್ಡಿನ್ಯಾಗ ಅವ್ವಂದಿರ ಸಂಗಾಟ ಕೆಲಸಾ ಕಲೀಲಿ."

ಹತ್ತು ಬರೆದರೆ ದಡ್ಡಿ, ಎಪ್ಪತ್ತು ಬರೆದರೆ ಕಳ್ಳಿ. ನಮ್ಮ ಮಕ್ಕಳು ಪಾಸಾಗುವ ಉತ್ತರ ಆ ಕಾಗದದಲ್ಲಿ ಇರಲೇ ಇಲ್ಲ.

ಗೋದಾಮಿಗೆ ಬಂದ ಮೇಲೆ ನನ್ನ ಬಾಯಿ ತಡೆಯಲಿಲ್ಲ. ಏಪ್ರನ್ನಿನ ಗಂಟಿನ ಸಂಗತಿ ಹೇಳಿಬಿಟ್ಟೆ.

"ಯಾವಾಗ ಬಂದುವು ಗುಡ್ಡಪ್ಪಣ್ಣ?" ಶರೀಫಾಬಿ ಕೇಳಿದಳು.

"ಪರೀಕ್ಷಾ ಐತಿ ಅಂತ ನಮಗ ಹೇಳೂಕಿಂತ ಮೊದಲ."

ಶರೀಫಾಬಿ ಎದ್ದು ತಗಡು ಬಡಿಯುತ್ತಾ ಖೋಲಿ ಖೋಲಿಗೆ ಹೋಗಿ ಹೆಂಗಸರನ್ನೆಲ್ಲ ಕರೆದಳು.

ಬೆಳಿಗ್ಗೆ ಹೆಂಗಸರು ಎಂದಿನಂತೆ ಶೆಡ್ಡಿಗೆ ಬಂದರು. ಆದರೆ ರಾಶಿಯ ಸುತ್ತ ಕೂರಲಿಲ್ಲ, ಬಾಗಿಲಿಗೆ ಅಡ್ಡ ನಿಂತರು. ಮಕ್ಕಳು ಸಾಲೆಯ ಯೂನಿಫಾರ್ಮಿನಲ್ಲೇ ಹೊರಗೆ ನಿಂತಿದ್ದರು. ಯಂತ್ರ ಬರಿದೇ ತಿರುಗುತ್ತಿತ್ತು. ಸಾಹುಕಾರರ ಕಾರು ಬಂತು.

"ಏನ ನಾಟಕ ಇದು? ಕೂಡ್ರಿ ಕೆಲಸಕ್ಕ."

"ಹುಡುಗೂರನ್ನ ಸಾಲಿಗೆ ಕಳಸ್ರಿ, ಕೂಡ್ತೇವಿ," ಅಂದಳು ಶರೀಫಾಬಿ. "ಅವರು ಈ ಬಾಗಲಾ ದಾಟಾಂಗಿಲ್ಲ."

"ಸಂಜೀ ಅನ್ನೂದ್ರಾಗ ಬ್ಯಾರೆ ಹೆಣ್ಮಕ್ಕಳು ಬರ್ತಾರ. ಗೋದಾಮೂ ನಂದ ಐತಿ, ನೆಪ್ಪಿರಲಿ. ಇವತ್ತ ಸಾಮಾನ ಹೊರಗ ಒಗಸ್ತೇನಿ."

ಯಾರೂ ಅಲುಗಲಿಲ್ಲ. ಸಾಹುಕಾರರು ಒಬ್ಬೊಬ್ಬರನ್ನೇ ನೋಡುತ್ತಾ ಬಂದು ದ್ರಾಕ್ಷಾಯಿಣಿಯ ಮುಂದೆ ನಿಂತರು. ದನಿ ಒಮ್ಮೆಲೇ ಮೆತ್ತಗಾಯಿತು. ಬೈಗುಳಕ್ಕಿಂತ ಆ ಮೆತ್ತಗಿನ ದನಿ ಕೆಟ್ಟದ್ದಾಗಿತ್ತು.

"ನೀ ಎಪ್ಪತ್ತ ಬರದೀಯಲ್ಲ, ಶ್ಯಾಣೇ ಹುಡುಗಿ. ನಿನ್ನೊಬ್ಬಾಕಿನ್ನ ಒಂಬತ್ತಕ್ಕ ತಗೊಂಡೆ. ಹೋಗವಾ, ಕ್ಲಾಸಿಗೆ ಹೋಗು. ಫಕೀರವ್ವ, ನೀ ಬಾ, ಕೆಲಸಾ ಚಾಲೂ ಮಾಡು."

ಎಲ್ಲರೂ ಫಕೀರವ್ವನನ್ನು ನೋಡಿದರು. ಅವಳು ಬೇಡಿಕೊಂಡಿದ್ದು ಅದೊಂದನ್ನೇ. ಹೋಗು ಅಂದಿದ್ದರೆ ನಾನಂತೂ ತಪ್ಪು ಎಣಿಸುತ್ತಿರಲಿಲ್ಲ.

ದ್ರಾಕ್ಷಾಯಿಣಿ ಅಬೀದಾಳ ಕೈ ಬಿಡಲಿಲ್ಲ. "ನಾ ಬರದದ್ದ ಸುಳ್ಳರಿ ಸಾವ್ಕಾರ್ರ. ನಮ್ಮ ಮನಿಗೂ ನೀರು ವಾರಕ್ಕ ಒಮ್ಮೀನ ಬರ್ತೈತಿ. ನಂದೂ ಹತ್ತ ಅಂತ ಬರ್ಕೊಳ್ರಿ."

ಫಕೀರವ್ವ ಮಗಳ ಕಪಾಳಕ್ಕೆ ಹೊಡೆಯುತ್ತಾಳೆ ಅಂದುಕೊಂಡೆ. ಹೊಡೆಯಲಿಲ್ಲ.

"ಬರ್ಕೊಳ್ರಿ," ಅಂದಳು.

ಸಾಹುಕಾರರು ಫೋನ್ ತೆಗೆದು ಗೋದಾಮಿಗೆ ಬೀಗ ಹಾಕಿಸಲು ಹೇಳಿದರು, ಆಮೇಲೆ ಪೊಲೀಸರನ್ನು ಕರೆದರು. ನಾನು ಹೊತ್ತಿದ್ದ ಚೀಲ ಇಳಿಸಿ ಹೆಂಗಸರ ಪಕ್ಕ ಹೋಗಿ ನಿಂತೆ. ಬೈಪಾಸಿನ ಕಡೆಯಿಂದ ಜೀಪು ಬರುವುದು ಕಾಣಿಸಿತು. ಬಾಗಿಲು ಬಿಟ್ಟು ಒಬ್ಬಳೂ ಸರಿಯಲಿಲ್ಲ.