ಎರಡನೆಯ ಸಾಕ್ಷಿ

ದಸ್ತಗೀರಸಾಬರ ಗೋರಿಗೆ ಮೂರನೆಯ ಹಿಡಿ ಮಣ್ಣು ಹಾಕಿ ಕೈ ಕೊಡವುತ್ತಿದ್ದ ಶಿವಶರಣಪ್ಪನ ಕಡೆ ತಿರುಗಿ ಮೌಲ್ವಿ ಸಾಹೇಬರು, "ಇವರ ತಾಯಿ ಹೆಸರೇನ್ರಿ?" ಎಂದರು.

ಮಣ್ಣಾದವನನ್ನು ತಾಯಿಯ ಹೆಸರು ಹಿಡಿದು ಮೂರು ಸಲ ಕರೆಯುವುದು ಅಲ್ಲಿಯ ಪದ್ಧತಿ. ಹೆಸರು ಗೊತ್ತಿಲ್ಲದವರಿಗೆ ಎಲ್ಲ ಮನುಷ್ಯರ ಮೊದಲ ತಾಯಿ ಹವ್ವಾಳ ಹೆಸರೇ ಗತಿ. ದಸ್ತಗೀರಸಾಬರು ಹೈದರಾಬಾದಿನ ಸಿದ್ದಿ ವಂಶಾವಳಿ ಸಂಘಕ್ಕೆ ಹತ್ತೊಂಬತ್ತು ವರ್ಷ ಕಾರ್ಯದರ್ಶಿಯಾಗಿದ್ದವರು. ಆಫ್ರಿಕಾದಿಂದ ಬಂದವರ ಮೊಮ್ಮಕ್ಕಳು ಮರಿಮಕ್ಕಳ ಮನೆಮನೆ ಹೊಕ್ಕು, "ಮೊದಲ ತಾಯಿ ಹೆಸರು ಹೇಳ್ರಿ" ಎಂದು ಪ್ರಾಣ ತಿಂದವರು. ಅಂಥವರಿಗೆ ಈ ಗತಿಯೇ? ರೈಲ್ವೆಯಲ್ಲಿ ಮೂವತ್ತು ವರ್ಷ ಜೊತೆಗಿದ್ದು, ಅಕ್ಷರ ಚೆಂದವೆಂಬ ಒಂದೇ ಕಾರಣಕ್ಕೆ ಅವರ ವಂಶಾವಳಿಗಳನ್ನೆಲ್ಲ ಬರೆದುಕೊಟ್ಟವನು ಶಿವಶರಣಪ್ಪ.

*

ಸಂಘದ ನಿಯಮ ದಸ್ತಗೀರಸಾಬರದೇ. ಇಬ್ಬರು ಸಾಕ್ಷಿ ಹೇಳದೆ ಯಾವ ಹೆಸರನ್ನೂ ವಂಶಾವಳಿಗೆ ಸೇರಿಸುವಂತಿಲ್ಲ. ಗಾರೆ ಕೆಲಸದ ಖಾಜಾ ತನ್ನ ಅಜ್ಜಿಯ ಹೆಸರು ಬರೆಸಲು ಮಲ್ಕಾಜ್‌ಗಿರಿಯ ಅವರ ಮನೆಗೆ ನಾಲ್ಕು ಸಲ ಅಲೆದಿದ್ದ.

"ನಮ್ಮ ಪೈಕಿ ನಾ ಒಬ್ಬನ ಉಳಿದೀನ್ರಿ. ಇನ್ನೊಬ್ಬನ್ನ ಎಲ್ಲಿಂದ ತರ್ಲಿ?"

"ಸಿಕ್ಕಾಗ ಬಾ."

"ನನ್ನ ಎತ್ತಿ ಆಡಿಸಿದಾಕಿರೀ ಅಕಿ."

"ಇಲ್ಲ ಅನ್ನಾಕತ್ತಿಲ್ಲಪ್ಪ. ಬರಿಯಾಕ ಬರೂದಿಲ್ಲ."

ಖಾಜಾ ಮತ್ತೆ ಬರಲಿಲ್ಲ. ಅವನು ಹೋದ ಮೇಲೆ ಶಿವಶರಣಪ್ಪ ರೇಗಿದ್ದ.

"ಭಾಳ ಆತು ನಿಮ್ಮದು. ನಿಮ್ಮ ಅಮ್ಮನ ಹೆಸರಿನ ಜಾಗಾನ ಖಾಲಿ ಬಿಟ್ಟೀರಿ."

ದಸ್ತಗೀರಸಾಬರು ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿದರು.

"ಆರು ವರ್ಷದಾಂವ ಇದ್ದೆ. ವಾಡಿ ಸ್ಟೇಷನ್ನಿನ ನಳದ ಹತ್ರ ಯಾರೋ ಜಮೀಲಾ ಅಂತ ಕರದ್ರು, ಅಮ್ಮ ತಿರುಗಿ ನೋಡಿದ್ಲು. ಅಷ್ಟ ನೆನಪು. ಅದ ವರ್ಷ ಹೋಗಿಬಿಟ್ಲು. ನಾನೂ ಒಬ್ಬನ ಸಾಕ್ಷಿ, ಶರಣಪ್ಪಾ. ನನಗೊಂದು ಕಾನೂನು, ಖಾಜಾಗೊಂದು ಮಾಡ್ಲೇನು?"

*

"ಜಮೀಲಾ," ಎಂದ ಶಿವಶರಣಪ್ಪ. "ವಾಡಿಯೊಳಗ ಯಾರೋ ಹಂಗ ಕರದದ್ದು ಅವರಿಗೆ ನೆನಪಿತ್ರಿ."

ಸಂಘದ ಅಧ್ಯಕ್ಷ ಯಾಕೂಬ್ ಕೆಮ್ಮಿದರು. "ವಂಶಾವಳಿಯೊಳಗ ಆ ಹೆಸರು ಇಲ್ಲಲ್ರಿ. ಇಬ್ಬರು ಬೇಕು ಅಂದವರು ಅವರ. ಅವರ ಮಾತನ್ನ ಅವರ ಗೋರಿ ಮುಂದ ಮುರಿಯೂದು ಬ್ಯಾಡ."

ಅವರ ದನಿಯಲ್ಲಿ ಕೊಂಕಿರಲಿಲ್ಲ, ಗೌರವವೇ ಇತ್ತು.

"ಹಂಗಾರ ಹವ್ವಾ ಅಂತೀನಿ," ಎಂದು ಮೌಲ್ವಿ ಸಾಹೇಬರು ಗೋರಿಯ ತಲೆಯ ಕಡೆ ನಡೆದರು.

"ನಿಂದರ್ರಿ." ಹಿಂದಿನ ಸಾಲಿನಿಂದ ಖಾಜಾ ಮುಂದೆ ಬಂದ. ಕೆಲಸ ಬಿಟ್ಟು ನೇರ ಬಂದಿದ್ದನೆಂದು ತೋರುತ್ತದೆ, ಪಾದಕ್ಕೆಲ್ಲ ಸಿಮೆಂಟು ಮೆತ್ತಿತ್ತು. "ಜಮೀಲಾನ ಅವರ ಹೆಸರು. ನಮ್ಮ ಅಜ್ಜಿ ವಾಡಿಯೊಳಗ ಅವರನ್ನ ಕಂಡಿದ್ಲು. ನನಗ ಹೇಳ್ಯಾಳ."

ಶಿವಶರಣಪ್ಪ ತಲೆ ಎತ್ತಲಿಲ್ಲ. ಖಾಜಾನ ಅಜ್ಜಿ ರಾಯಚೂರು ಬಿಟ್ಟು ಒಂದು ಹೆಜ್ಜೆ ಆಚೆ ಇಟ್ಟವಳಲ್ಲ. ನಾಲ್ಕು ಸಲವೂ ಅವನು ಅದನ್ನೇ ಹೇಳಿಕೊಂಡಿದ್ದ.

"ಅಜ್ಜಿ ಹೆಸರೇನಪ್ಪಾ?" ಯಾಕೂಬ್ ಕೇಳಿದರು.

"ರೋಶನ್‌ಬಿ." ಖಾಜಾ ಎಲ್ಲರಿಗೂ ಕೇಳುವಂತೆ ಇನ್ನೊಮ್ಮೆ ಹೇಳಿದ. "ರಾಯಚೂರು ರೋಶನ್‌ಬಿ."

ಆ ಹೆಸರಿಗೆ ಸಾಕ್ಷಿ ಯಾರೆಂದು ಯಾರೂ ಕೇಳಲಿಲ್ಲ. ಯಾಕೂಬ್ ಮೌಲ್ವಿಯವರಿಗೆ ಆಗಲಿ ಎಂದು ತಲೆಯಾಡಿಸಿದರು.

ಎಲ್ಲರೂ ಹಿಂದೆ ಸರಿದು ನಿಂತರು. ಮೌಲ್ವಿ ಸಾಹೇಬರು ಹಸಿ ಮಣ್ಣಿನತ್ತ ಬಾಗಿ, ಜಮೀಲಾಳ ಮಗ ದಸ್ತಗೀರನನ್ನು ಕರೆದರು. ಎರಡನೆಯ ಸಲ ಕರೆಯುವಾಗ ಖಾಜಾನ ಒರಟು ಕೈ ಶಿವಶರಣಪ್ಪನ ಮಣಿಕಟ್ಟನ್ನು ಹಿಡಿಯಿತು. ಮೂರನೆಯ ಸಲ ಕರೆದು ಮುಗಿಸಿ ಮೌಲ್ವಿ ಸಾಹೇಬರು ಎದ್ದರೂ ಅದು ಬಿಡಲಿಲ್ಲ, ಶಿವಶರಣಪ್ಪನೂ ಬಿಡಿಸಿಕೊಳ್ಳಲಿಲ್ಲ.