ಬೀದಿಯ ಗುಮ್ಮ

ಮೂರು ವರ್ಷ ನಾನು ಆಂಡರ್ಸನ್‌ಪೇಟೆಯ ನಮ್ಮ ಬೀದಿಗೆ ಪುಕ್ಕಟೆ ಗುಮ್ಮನಾಗಿದ್ದೆ. ಮಧ್ಯಾಹ್ನ ಊಟಕ್ಕೆಂದು ಆಟೋ ತಿರುಗಿಸಿದರೆ ಸಾಕು, ಪಕ್ಕದ ಮನೆ ಚೌಡಮ್ಮಕ್ಕ ಮೊಮ್ಮಗಳು ಸಿಂಧುಗೆ, "ಬಾಯ್ ತೆಗಿ, ಗುಮ್ಮ ಬಂದ!" ಅನ್ನುತ್ತಿದ್ದಳು. ನಾನು ಹಾರನ್ ಒತ್ತಿ, ಮೀಸೆ ತಿರುವಿ, ಕಣ್ಣು ದಪ್ಪ ಮಾಡುತ್ತಿದ್ದೆ. ತುತ್ತು ಗುಳುಕ್ಕನೆ ಒಳಗೆ ಹೋಗುತ್ತಿತ್ತು. ಆಚೆ ತಮಿಳರ ಮನೆಗೆ ನಾನು ಪೂಚಾಂಡಿ, ಎದುರಿನ ತೆಲುಗರ ಮನೆಗೆ ಬೂಚೋಡು. ಹೆಸರು ಮೂರಾದರೂ ಮೀಸೆ ಇದೇ. ನನಗೂ ಜಂಬವಿತ್ತು, ಸುಳ್ಳು ಯಾಕೆ ಹೇಳಲಿ.

ಜಂಬ ಇಳಿದದ್ದು ಈ ಜೂನ್‌ನಲ್ಲಿ. ಬಂಗಾರಪೇಟೆ ಸ್ಟೇಷನ್ನಿನ ಬಾಡಿಗೆ ಹೊಡೆಯುವುದನ್ನು ಬಿಟ್ಟು, ಬೀದಿಯ ಏಳು ಮಕ್ಕಳನ್ನು ಸ್ಕೂಲಿಗೆ ಬಿಡುವ ಟ್ರಿಪ್ಪು ಒಪ್ಪಿಕೊಂಡಿದ್ದೆ. ಮೊದಲ ದಿನ ಆಟೋ ನಿಲ್ಲಿಸಿದ್ದೇ ತಡ, ಏಳೂ ಕಿಟಾರನೆ ಕಿರುಚಿದವು. ಆರು ಮಕ್ಕಳು ಮನೆಯೊಳಗೆ ಓಡಿದವು. ಸಿಂಧು ತಾಯಿ ಶ್ಯಾಮಲಳ ಸೆರಗಿನೊಳಗೆ ಹೊಕ್ಕಳು.

"ಅಣ್ಣಾ, ಎಂಟಕ್ಕೆ ನಂಗೆ ಫ್ಯಾಕ್ಟ್ರಿ ಬಸ್ಸು," ಎಂದಳು ಶ್ಯಾಮಲ. "ಇವತ್ತು ಮಕ್ಳು ಆಟೋ ಹತ್ತಲಿಲ್ಲ ಅಂದ್ರೆ ನಾಳೆಯಿಂದ ನಾವೆಲ್ಲ ಬೇರೆ ಆಟೋ ನೋಡ್ಕೊಬೇಕಾಯ್ತದೆ. ಬೇಜಾರ್ ಮಾಡ್ಕೊಬೇಡಿ."

ನನಗೆ ಪಿತ್ತ ನೆತ್ತಿಗೇರಿತು. "ಚೌಡಮ್ಮಕ್ಕಾ! ನಿನ್ ಮೊಮ್ಮಗಳು ತಿನ್ಲಿ ಅಂತ ಗುಮ್ಮ ಆದೆ. ಈಗ ನನ್ ಅನ್ನಕ್ಕೇ ಕಲ್ಲಾಕ್ಬುಟ್ಯಲ್ಲ!"

"ಅರಚ್ಬೇಡ ಕಣ್ಲಾ ಸೊಣ್ಣಪ್ಪ, ಇನ್ನೂ ಎದ್ರುಕೊಂತವೆ. ಕೂತ್ಕೋ ಇಲ್ಲಿ." ಅವಳು ಒಳಗಿಂದ ತಟ್ಟೆಯಲ್ಲಿ ಮುದ್ದೆ, ಸೊಪ್ಪಿನ ಸಾರು ತಂದಳು. ತುತ್ತು ಮುರಿದು ಅದ್ದಿ ನನ್ನ ಬಾಯಿಗೇ ಹಿಡಿದಳು. ನಾನು ಮುಖ ತಿರುಗಿಸಿದೆ. ನಲವತ್ತೈದರ ಗಂಡಸು, ಬೀದಿಯೆಲ್ಲ ನೋಡುತ್ತಿದೆ, ಥೂ!

"ತಿನ್ಲಾ ಗುಮ್ಮ! ತಿನ್ನಲಿಲ್ಲ ಅಂದ್ರೆ ಸಿಂಧೂನ ಕರೀತೀನಿ!"

ಆಗ ನನ್ನ ಮಂಡೆಗೆ ಹೊಳೆಯಿತು. "ಅಯ್ಯಯ್ಯೋ, ಸಿಂಧು ಬ್ಯಾಡ! ತಿಂತೀನಿ, ತಿಂತೀನಿ!" ಗಡಗಡ ನಡುಗಿ ನುಂಗಿದೆ. ಸೆರಗಿನ ಸಂದಿಯಿಂದ ಒಂದು ಕಣ್ಣು ಇಣುಕಿತು. ಎರಡನೇ ತುತ್ತಿಗೆ ಸಿಂಧು ಆಚೆ ಬಂದು, ನಾನು ಮೂರು ವರ್ಷ ಮಾಡಿದ ಹಾಗೆಯೇ ಕಣ್ಣು ದಪ್ಪ ಮಾಡಿದಳು. ನಾನು ಎದ್ದು ಆಟೋ ಹಿಂದೆ ಅವಿತುಕೊಂಡೆ. ಬಾಗಿಲು ಬಾಗಿಲಲ್ಲೂ ನಗು. ಮಕ್ಕಳು ಒಬ್ಬೊಬ್ಬರೇ ಬಂದು ನನ್ನನ್ನು ಹೆದರಿಸಿ, ಆಟೋ ಹತ್ತಿ ಕುಳಿತರು. ಶ್ಯಾಮಲಳಿಗೆ ಬಸ್ಸೂ ಸಿಕ್ಕಿತು.

ಸ್ಕೂಲ್ ಗೇಟಿನಲ್ಲಿ ನನ್ನ ಮೀಸೆ ಕಂಡ ಬೇರೆ ಬೀದಿಯ ಮಗುವೊಂದು ತಾಯಿಯ ಕುತ್ತಿಗೆಗೆ ಜೋತುಬಿದ್ದು ಅಳತೊಡಗಿತು. ನಾನು ಮೀಸೆಗೆ ಕೈ ಅಡ್ಡ ಹಿಡಿದೆ. ಸಿಂಧು ಇಳಿದು ಬಂದು ನನ್ನ ಬೆರಳು ಹಿಡಿದಳು.

"ಅಳ್ಬೇಡ. ಇವ್ನು ನಮ್ ಗುಮ್ಮ."

ನನಗೆ ಅಳು ಬಂತು. ಮುದ್ದೆ ಗಂಟಲಲ್ಲಿ ಸಿಕ್ಕಿದೆ ಎಂಬಂತೆ ಕೆಮ್ಮಿದೆ.

ಆ ತಾಯಿ ನಗುತ್ತಾ, "ಅಣ್ಣಾ, ಆಟೋದಲ್ಲಿ ಇನ್ನೊಂದು ಮಗೂಗೆ ಜಾಗ ಇದ್ಯಾ?" ಎಂದಳು.

ನಾನು ಬಾಯಿ ತೆಗೆಯುವಷ್ಟರಲ್ಲಿ ಸಿಂಧು ಹೇಳಿದಳು: "ಐತೆ. ನನ್ ಪಕ್ಕ."